ಕೊಡಚಾದ್ರಿ ಜೀಪಿನ ಬಾನೆಟ್ ಒಳಗೆ ಏನು ಕುದಿಯುತ್ತದೆ?

ಜೀಪು ಹತ್ತಿದವರಿಗೆ ಸೊಂಟದ ಚಿಂತೆ. ಜೀಪು ಓಡಿಸುವವನಿಗೆ ನೀರಿನ ಚಿಂತೆ!

ಕೊಲ್ಲೂರಿಗೆ ಹೋಗಿ ದೇವಿಯ ದರ್ಶನ ಮಾಡಿಕೊಂಡು, ಬಂದದ್ದು ಬಂದಾಯ್ತು, ಹಾಗೇ ಕೊಡಚಾದ್ರಿಗೂ ಹೋಗಿ ಬರೋಣ ಅಂತ ಜೀಪು ಹತ್ತಿದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಹತ್ತಿದ ಮೇಲೆ ಏನಾಯಿತು ಎಂಬುದನ್ನು ನಾವು ಹೇಳಬೇಕಾಗಿಲ್ಲ. ತಲೆ ಕಂಬಿಗೆ ಬಡಿಯಿತು. ಪಕ್ಕದವರ ಮೊಣಕೈ ಪಕ್ಕೆಗೆ ತಿವಿಯಿತು. ಹಿಂದೆ ಕೂತ ಅಜ್ಜಿ ದಾರಿಯುದ್ದಕ್ಕೂ ಮೂಕಾಂಬಿಕೆಯನ್ನು ಕರೆದರು. ಅಂತೂ ಮೇಲೆ ತಲುಪಿ ಇಳಿದ ಕೂಡಲೇ ಎಲ್ಲರ ಕಣ್ಣೂ ಬೆಟ್ಟದ ಸಾಲಿನ ಕಡೆಗೆ. ಡ್ರೈವರನ ಕಣ್ಣು ಮಾತ್ರ ಬಾನೆಟ್ಟಿನ ಕಡೆಗೆ.

ಯಾಕೆ? ಅಲ್ಲಿ ಅವನ ಹೊಟ್ಟೆಪಾಡು ಕುದಿಯುತ್ತಿರುತ್ತದೆ ಸ್ವಾಮಿ, ಅದಕ್ಕೆ.

ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಶಿಖರದ ಎತ್ತರ ಸಮುದ್ರ ಮಟ್ಟದಿಂದ 1343 ಮೀಟರ್. ಜೀಪು ನಿಲ್ಲುವ ಜಾಗ ಅದಕ್ಕಿಂತ ಸ್ವಲ್ಪ ಕೆಳಗೆ, ದೇವಸ್ಥಾನದ ಹತ್ತಿರ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಕಾಲೇ ಗತಿ. ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತುವವರೆಗೆ ಡಾಂಬರು ರಸ್ತೆ ಇದೆ. ಬೆಟ್ಟದ ಬುಡದಲ್ಲಿ ಕಾಡಿನೊಳಗೆ ನುಗ್ಗಿದ ಮೇಲೆ ಇರುವುದನ್ನು ರಸ್ತೆ ಎನ್ನುವುದು ರಸ್ತೆಗೇ ಅವಮಾನ. ಕೆಂಪು ಮಣ್ಣು, ಉರುಟು ಕಲ್ಲು, ಮಳೆನೀರು ಕೊರೆದ ಕೊರಕಲು, ಮೂಗಿನ ಮೇಲೆ ಮೂಗಿಟ್ಟ ಹಾಗೆ ತಿರುವು. ಈ ದಾರಿಯಲ್ಲಿ ದಿನಕ್ಕೆರಡು ಟ್ರಿಪ್ಪು ಹೊಡೆದ ಜೀಪಿನ ಇಂಜಿನ್ ಏನೇನು ಅನುಭವಿಸುತ್ತದೆ ಎಂಬುದು ನಮ್ಮ ಇವತ್ತಿನ ಕಥೆ. ಇದು ಬರೀ ಜೀಪಿನವರ ಕಥೆ ಅಂತ ಪುಟ ತಿರುಗಿಸಬೇಡಿ. ನಿಮ್ಮ ಅಂಗಡಿಗೆ ಸಾಮಾನು ತರುವ ಪಿಕಪ್ಪಿಗೂ, ನೀವು ದಿನಾ ಹತ್ತುವ ಬಸ್ಸಿಗೂ ಇದೇ ನೀರು, ಇದೇ ಬೆಂಕಿ.

ಒಂದು ರೂಪಾಯಿಯ ಲೆಕ್ಕ

ಅಂಗಡಿಯವರಿಗೆ ಬೇಗ ತಿಳಿಯುವ ಹಾಗೆ ಹೇಳುವುದಾದರೆ, ಒಂದು ರೂಪಾಯಿಯ ಡೀಸೆಲ್ ಸುಟ್ಟರೆ ಗಾಲಿ ತಿರುಗಿಸಲು ಸಿಗುವುದು ಸ್ಥೂಲವಾಗಿ ಮೂರನೇ ಒಂದು ಪಾಲು, ಮೂವತ್ತು ಮೂವತ್ತೈದು ಪೈಸೆ. ಇನ್ನೊಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಬಿಸಿಯಾಗಿ ಹೋಗುತ್ತದೆ. ಉಳಿದ ಪಾಲು ಇಂಜಿನ್ನಿನ ಮೈಗೆ ಅಂಟಿಕೊಳ್ಳುತ್ತದೆ. ಅದನ್ನು ನೀರು, ಆಯಿಲ್ಲು ಹೊತ್ತುಕೊಂಡು ಹೊರಗೆ ಹಾಕಬೇಕು. ಹೊರಗೆ ಹಾಕದಿದ್ದರೆ? ಕಬ್ಬಿಣ ಹಿಗ್ಗುತ್ತದೆ, ಆಯಿಲ್ಲು ನೀರಾಗುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗ್ಯಾರೇಜಿನವರ ಭಾಷೆಯಲ್ಲಿ ‘ಸೀಜ್’.

ಬಸ್ಸು ಡಾಂಬರು ರಸ್ತೆಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ಓಡುವಾಗ ಎದುರಿನ ಗಾಳಿ ತಾನಾಗಿಯೇ ರೇಡಿಯೇಟರಿಗೆ ನುಗ್ಗುತ್ತದೆ. ಬಿಟ್ಟಿ ಗಾಳಿ! ಕೊಡಚಾದ್ರಿ ಏರಿನಲ್ಲಿ ಜೀಪಿನ ವೇಗ ನಡೆಯುವವರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಳಗೆ ಎಂಟು ಹತ್ತು ಜನ. ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಕೊಡಬೇಕು. ಕೆಲಸ ಎಷ್ಟು ಜೋರೋ ಬಿಸಿಯೂ ಅಷ್ಟು ಜೋರು. ಬರುವ ಗಾಳಿ ಮಾತ್ರ ಸೊನ್ನೆ. ಹೋಟೆಲಿನವರು ಒಲೆಯ ಉರಿ ಪೂರ್ತಿ ಏರಿಸಿ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡ ಹಾಗೆ.

ಮೇಲೆ ಹೋದಷ್ಟೂ ಇನ್ನೊಂದು ತೊಂದರೆ. ಶಿಖರದ ಎತ್ತರದಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಹನ್ನೆರಡರಷ್ಟು ತೆಳು. ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಎಳೆದುಕೊಳ್ಳುವ ಗಾಳಿಯ ತೂಕ ಕಡಿಮೆ. ಟರ್ಬೋ ಇಲ್ಲದ ಹಳೇ ಡೀಸೆಲ್ ಜೀಪಿಗೆ ಉಸಿರೂ ಕಡಿಮೆ. ಆಗ ಡ್ರೈವರ್ ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾನೆ. ಕಪ್ಪು ಹೊಗೆ ಬರುತ್ತದೆ. ಬಿಸಿ ಇನ್ನೂ ಹೆಚ್ಚುತ್ತದೆ.

ಮುಚ್ಚಳದ ಮಹಿಮೆ

ರೇಡಿಯೇಟರಿನ ಮುಚ್ಚಳ ಅಂದರೆ ಧೂಳು ಬೀಳದ ಹಾಗೆ ಮುಚ್ಚುವ ತಗಡು ಅಂತ ತಿಳಿದವರು ಇವತ್ತಿಗೂ ಇದ್ದಾರೆ. ಕಳೆದು ಹೋದರೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಓಡಿಸುವ ಮಹಾನುಭಾವರೂ ಇದ್ದಾರೆ. ಇಡೀ ಜೀಪಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಕೆಲಸ ಮಾಡುವ ಇನ್ನೊಂದು ಸಾಮಾನು ಇಲ್ಲ ಎಂದರೆ ನಂಬಬೇಕು.

ಮನೆಯ ಕುಕ್ಕರ್ ನೆನಪು ಮಾಡಿಕೊಳ್ಳಿ. ಒಳಗೆ ಒತ್ತಡ ಹೆಚ್ಚಾದರೆ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ, ಅದಕ್ಕಿಂತ ಮೇಲೆ ಹೋಗಿ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಒಳಗಿನ ಸ್ಪ್ರಿಂಗ್ ಮಾಡುವುದೂ ಇದನ್ನೇ. ಮುಚ್ಚಳದ ಮೇಲೆ 7 ಅಂತಲೋ 13 ಅಂತಲೋ ಬರೆದಿರುತ್ತದೆ, ಅದು ಪೌಂಡ್ ಒತ್ತಡದ ಲೆಕ್ಕ. ಕೆಲವದರ ಮೇಲೆ 0.5, 0.9 ಅಂತಿರುತ್ತದೆ, ಅಳತೆ ಬೇರೆ, ಕೆಲಸ ಒಂದೇ.

ಈಗ ಬೆಟ್ಟದ ಲೆಕ್ಕ ನೋಡಿ. ಕರಾವಳಿಯಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 100 ಡಿಗ್ರಿಗೆ. ಕೊಡಚಾದ್ರಿಯ ಮೇಲೆ 96 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಅಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುವುದು ಇದಕ್ಕೇ. ಮುಚ್ಚಳದ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಜೀಪಿನ ನೀರೂ 96ಕ್ಕೇ ಕುದಿದು ಉಕ್ಕುತ್ತದೆ. 7 ಪೌಂಡಿನ ಒಳ್ಳೇ ಮುಚ್ಚಳ ಇದ್ದರೆ 108ರ ಹತ್ತಿರ ಹೋಗುವವರೆಗೆ ತಡೆಯುತ್ತದೆ. 13 ಪೌಂಡಿನದ್ದಾದರೆ 116ರವರೆಗೆ. ಏರಿನಲ್ಲಿ ದುಡಿಯುವ ಇಂಜಿನ್ನಿನ ನೀರು 95 ಮುಟ್ಟುವುದು ದೊಡ್ಡ ಮಾತಲ್ಲ. ಸವೆದ ಮುಚ್ಚಳಕ್ಕೂ ಒಳ್ಳೇ ಮುಚ್ಚಳಕ್ಕೂ ನಡುವೆ ಇರುವುದು ಊರು ಸೇರುವುದು, ಕಾಡಿನಲ್ಲಿ ನಿಲ್ಲುವುದು, ಅಷ್ಟು ವ್ಯತ್ಯಾಸ.

ಹಾಗಂತ ಹಳೇ ಜೀಪಿಗೆ 15 ಪೌಂಡಿನ ಮುಚ್ಚಳ ತಂದು ತಿರುವಿಬಿಡಬೇಡಿ. ಹಳೇ ಹಿತ್ತಾಳೆ ರೇಡಿಯೇಟರಿನ ಬೆಸುಗೆ, ಹಳೇ ಹೋಸ್ ಪೈಪು ಆ ಒತ್ತಡ ತಡೆಯುವುದಿಲ್ಲ. ಮುಚ್ಚಳ ಗಟ್ಟಿಯಾಗಿ ನಿಂತು ಪೈಪು ಹರಿದೀತು. ಗಾಡಿಗೆ ಕಂಪನಿ ಯಾವುದು ಹೇಳಿದೆಯೋ ಅದು.

ಇದೇ ಮುಚ್ಚಳದ ಇನ್ನೊಂದು ಮುಖ ನೋಡಬೇಕಾದರೆ ಯಾವುದಾದರೂ ಹಳೇ ಡ್ರೈವರನ ಮುಂಗೈ ನೋಡಿ. ಬಿಸಿ ಇಂಜಿನ್ನಿನ ಮುಚ್ಚಳ ತಿರುವಿದ ಕ್ಷಣ ಒತ್ತಡ ಇಳಿಯುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ 105 ಡಿಗ್ರಿ ನೀರು ಒಮ್ಮೆಲೇ ಕುದಿದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಒದ್ದೆ ಬಟ್ಟೆ ಹಾಕಿ ತೆಗೆದರೆ ಏನೂ ಆಗಲ್ಲ ಅನ್ನುವವರ ಮಾತು ಕೇಳಬೇಡಿ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಸುಕಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡ ಇದೆ, ಮುಟ್ಟಬೇಡಿ. ಮೆತ್ತಗಾಗುವವರೆಗೆ ಕಾಯಿರಿ. ಜೀಪಿನ ಸುತ್ತ ನಿಂತು ಇಣುಕುವ ಪ್ರಯಾಣಿಕರೂ ದೂರ ನಿಲ್ಲುವುದು ಒಳ್ಳೆಯದು. ಮುಖ್ಯವಾಗಿ ಮಕ್ಕಳು.

ಹೂವಿನ ಹಾರ, ಹಾಲೋಜನ್ ಲೈಟು

ರೇಡಿಯೇಟರ್ ಅಂದರೆ ತೆಳ್ಳಗಿನ ಕೊಳವೆಗಳ ಸಾಲು, ಅವುಗಳ ನಡುವೆ ಇನ್ನೂ ತೆಳ್ಳಗಿನ ತಗಡಿನ ಮಡಿಕೆ. ಗಾಳಿ ಈ ಮಡಿಕೆಗಳ ಸಂದಿಯಲ್ಲೇ ತೂರಬೇಕು. ಮಳೆಗಾಲ ಮುಗಿದ ಮೇಲೆ ಕಾಡುದಾರಿಯ ಜೀಪಿನ ರೇಡಿಯೇಟರ್ ಬಿಚ್ಚಿ ನೋಡಿದರೆ ಒಳಗೆ ಒಂದು ಹೊಲವೇ ಇರುತ್ತದೆ! ಕೆಸರು, ಹುಲ್ಲಿನ ಬೀಜ, ಚಿಟ್ಟೆ, ಒಣಗಿದ ಎಲೆಯ ಚೂರು. ಹೊರಗಿನಿಂದ ಕಾಣುವುದು ಸ್ವಚ್ಛ. ಸಂದಿ ಪೂರ್ತಿ ಬಂದ್.

ಇದನ್ನು ತೊಳೆಯುವುದಕ್ಕೂ ಕ್ರಮ ಇದೆ. ಕಸ ಬಂದದ್ದು ಮುಂದಿನಿಂದ. ಆದ್ದರಿಂದ ನೀರು ಹಿಂದಿನಿಂದ, ಅಂದರೆ ಇಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಗನ್ನು ಹಿಡಿದು ಹತ್ತಿರದಿಂದ ಹೊಡೆದರೆ ತಗಡಿನ ಮಡಿಕೆಗಳು ಮಲಗಿಬಿಡುತ್ತವೆ. ಕಸ ಹೋಯ್ತು, ಗಾಳಿಯ ದಾರಿಯೂ ಹೋಯ್ತು. ಮನೆಯ ಪೈಪಿನ ಸಾಧಾರಣ ನೀರೇ ಸಾಕು, ಬೇಕಾದದ್ದು ತಾಳ್ಮೆ.

ಇನ್ನು ನಮ್ಮವರ ಅಲಂಕಾರದ ಹುಚ್ಚು. ಮುಂದಿನ ಗ್ರಿಲ್ಲಿಗೆ ನಾಲ್ಕು ದೊಡ್ಡ ಲೈಟು, ಅದರ ಕೆಳಗೆ ಕಬ್ಬಿಣದ ಬಂಪರ್, ಅದರ ಮೇಲೆ ಹೆಸರಿನ ಬೋರ್ಡು, ಬೋರ್ಡಿನ ಮೇಲೆ ಹೂವಿನ ಹಾರ. ಆಯುಧ ಪೂಜೆಗೆ ಕಟ್ಟಿದ ಬಾಳೆಕಂದು ದೀಪಾವಳಿಯವರೆಗೆ ಒಣಗಿ ನೇತಾಡುತ್ತಿರುತ್ತದೆ. ದೇವರ ಮೇಲಿನ ಭಕ್ತಿಗೆ ನಾವು ಅಡ್ಡ ಬರುವವರಲ್ಲ. ಆದರೆ ಹಾರ ಗಾಜಿನ ಒಳಗೂ ಕಟ್ಟಬಹುದು, ಗ್ರಿಲ್ಲಿಗೇ ಕಟ್ಟಬೇಕೆಂದು ಶಾಸ್ತ್ರ ಇಲ್ಲ. ಲೈಟಿಗೆ, ಹಾರನ್ನಿಗೆ, ಸ್ಟಿಕ್ಕರಿಗೆ ಸಾವಿರಗಟ್ಟಲೆ ಸುರಿದು, ಮುಚ್ಚಳ ಬದಲಾಯಿಸು ಎಂದರೆ ‘ಬರೋ ತಿಂಗಳು ನೋಡುವಾ’ ಅನ್ನುವ ಮಾಲೀಕರನ್ನು ಕಂಡರೆ ನಮಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.

ಫ್ಯಾನಿನ ಸುತ್ತ ಒಂದು ತಗಡಿನ ಅಥವಾ ಪ್ಲಾಸ್ಟಿಕ್ಕಿನ ಕವಚ ಇರುತ್ತದೆ, ನೋಡಿದ್ದೀರಾ? ಹಳೇ ಜೀಪುಗಳಲ್ಲಿ ಹೆಚ್ಚಾಗಿ ನೋಡಿರಲಿಕ್ಕಿಲ್ಲ. ಯಾವುದೋ ರಿಪೇರಿಯ ಸಮಯದಲ್ಲಿ ಕೈಗೆ ಅಡ್ಡ ಬರುತ್ತದೆ ಅಂತ ಬಿಚ್ಚಿದ್ದು ಮತ್ತೆ ಹಾಕಿರುವುದಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಅದರಲ್ಲಿ ನಟ್ಟು ಬೋಲ್ಟು ತುಂಬಿಟ್ಟಿರುತ್ತಾರೆ. ಕವಚ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ಒಂದು ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ರೇಡಿಯೇಟರಿನ ನಾಲ್ಕು ಮೂಲೆಗೂ ಕೆಲಸ ಇಲ್ಲ. ಅದೂ ಸಾಲದು ಅಂತ ಇಂಜಿನ್ ಕಡೆಯ ಬಿಸಿ ಗಾಳಿಯೇ ಪಕ್ಕದಿಂದ ಸುತ್ತಿ ಬಂದು ಮತ್ತೆ ಒಳಗೆ ಹೋಗುತ್ತದೆ. ಎದುರಿನ ಗಾಳಿ ಇರುವ ಹೆದ್ದಾರಿಯಲ್ಲಿ ಇದರ ಕೊರತೆ ಅಷ್ಟಾಗಿ ಗೊತ್ತಾಗದು. ಆಮೆಗತಿಯ ಏರಿನಲ್ಲಿ ಕವಚವೇ ಸರ್ವಸ್ವ.

ಫ್ಯಾನ್ ಬೆಲ್ಟಿನ ವಿಷಯ ಎಲ್ಲ ಡ್ರೈವರಿಗೂ ಗೊತ್ತು. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು. ಹೆಚ್ಚು ತಗ್ಗಿದರೆ ಬೆಲ್ಟ್ ಜಾರುತ್ತದೆ, ಫ್ಯಾನೂ ನೀರಿನ ಪಂಪೂ ಸೋಮಾರಿಯಾಗುತ್ತವೆ. ಆದರೆ ಮಲೆನಾಡಿನ ಒಂದು ವಿಶೇಷ ಹೇಳಬೇಕು. ಹೊಳೆ ದಾಟುವಾಗ ನೀರು ಫ್ಯಾನಿನ ಮಟ್ಟಕ್ಕೆ ಬಂದರೆ ಫ್ಯಾನಿನ ರೆಕ್ಕೆ ನೀರಿಗೆ ಬಡಿದು ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊಯ್ಯಬಹುದು. ಅದಕ್ಕೆ ಬಲ್ಲವರು ಆಳದ ಹೊಳೆಗೆ ಇಳಿಯುವ ಮುಂಚೆ ಬೆಲ್ಟ್ ಕಳಚುತ್ತಾರೆ. ಆಚೆ ದಡದಲ್ಲಿ ಬೆಲ್ಟ್ ಮತ್ತೆ ಹಾಕಲು ಮರೆತು ಏರು ಹತ್ತಿಸಿದವರ ಕಥೆಗಳು ಜೀಪ್ ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತವೆ. ಎಲ್ಲ ಕಥೆಯಲ್ಲೂ ಮರೆತವನು ‘ಬೇರೊಬ್ಬ’!

‘ವಾಲ್ವ್ ಕಿತ್ತು ಬಿಸಾಕಿ’

ಇಂಜಿನ್ ಹೀಟ್ ಆಗುತ್ತಿದೆ ಅಂತ ಗ್ಯಾರೇಜಿಗೆ ಹೋದರೆ ಕೆಲವು ಕಡೆ ಮೊದಲು ಬರುವ ಸಲಹೆ ಇದು: ‘ಥರ್ಮಲ್ ವಾಲ್ವ್ ಕಿತ್ತು ಬಿಸಾಕಿ, ಎಲ್ಲ ಸರಿ ಹೋಗ್ತದೆ.’

ಥರ್ಮೋಸ್ಟ್ಯಾಟ್ ಎಂಬ ಈ ಪುಟ್ಟ ಬಾಗಿಲು ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ನೀರು 82 ಡಿಗ್ರಿಯ ಆಸುಪಾಸು ಬಂದಾಗ ತೆರೆಯಲು ಶುರು ಮಾಡುತ್ತದೆ. ಕೆಟ್ಟು ಮುಚ್ಚಿಕೊಂಡೇ ಉಳಿದರೆ ಇಂಜಿನ್ ಕಾಯುತ್ತದೆ, ನಿಜ. ಆಗ ಬದಲಾಯಿಸಬೇಕೇ ಹೊರತು ಬಿಸಾಕುವುದಲ್ಲ. ವಾಲ್ವ್ ಇಲ್ಲದ ಇಂಜಿನ್ ಮಲೆನಾಡಿನ ಚಳಿಯ ಬೆಳಗಿನಲ್ಲಿ ಬಿಸಿಯಾಗುವುದೇ ಇಲ್ಲ. ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಬೋರ್ ಸವೆಯುತ್ತದೆ, ಮೈಲೇಜು ಬೀಳುತ್ತದೆ. ಇದಕ್ಕಿಂತ ತಮಾಷೆ ಇನ್ನೊಂದಿದೆ. ಕೆಲವು ಇಂಜಿನ್ನುಗಳಲ್ಲಿ ಈ ವಾಲ್ವ್ ತೆರೆದಾಗ ಅದೇ ಇನ್ನೊಂದು ಅಡ್ಡದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ಕಿತ್ತರೆ ಆ ಅಡ್ಡದಾರಿ ಸದಾ ತೆರೆದು, ಒಂದಷ್ಟು ನೀರು ರೇಡಿಯೇಟರಿನ ಮುಖವನ್ನೇ ನೋಡದೆ ಬಿಸಿಬಿಸಿಯಾಗಿ ಇಂಜಿನ್ನಿಗೆ ವಾಪಸ್. ತಣ್ಣಗಾಗಲಿ ಅಂತ ಮಾಡಿದ್ದು, ಏರಿನಲ್ಲಿ ಕಾಯಿಸಲು ಶುರು ಮಾಡಿತು!

ವಾಲ್ವ್ ಕೆಟ್ಟಿದೆಯೋ ಇಲ್ಲವೋ ನೋಡಲು ಗ್ಯಾರೇಜೂ ಬೇಡ. ಬಿಚ್ಚಿ ತಂದು ಹಳೇ ಪಾತ್ರೆಯ ನೀರಿಗೆ ಹಾಕಿ ಒಲೆಯ ಮೇಲಿಡಿ. ನೀರು ಕುದಿಯುವ ಮುಂಚೆ ಬಾಯಿ ಬಿಟ್ಟರೆ ಒಳ್ಳೇದು. ಕುದ್ದರೂ ಬಾಯಿ ಬಿಡದಿದ್ದರೆ ಬದಲಾಯಿಸಿ.

ನೀರಿನ ವಿಷಯ. ಹೀಟ್ ಆದಾಗ ಸಿಕ್ಕಿದ ಹಳ್ಳದ ನೀರು ಹೊಯ್ಯುವುದು ನಮ್ಮ ಕಡೆ ಪದ್ಧತಿ. ಮಲೆನಾಡಿನ ಹಳ್ಳದ ನೀರು ಮೆದು, ಸುಣ್ಣ ಕಟ್ಟುವುದು ಕಡಿಮೆ; ಆದರೆ ಮಣ್ಣು ಸೇರುತ್ತದೆ, ತುಕ್ಕು ಹಿಡಿಸುತ್ತದೆ. ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರಾದರೆ ಬಚ್ಚಲ ಹಂಡೆಯ ಒಳಗೆ ಬಿಳಿ ಪದರ ಕಟ್ಟಿದ ಹಾಗೆ ಇಂಜಿನ್ನಿನ ಒಳಗೂ ಕಟ್ಟುತ್ತದೆ. ಆ ಪದರ ಕಬ್ಬಿಣಕ್ಕೆ ಹೊದೆಸಿದ ಕಂಬಳಿ ಇದ್ದ ಹಾಗೆ. ನೀರು ಎಷ್ಟು ಓಡಿದರೂ ಕಬ್ಬಿಣದ ಬಿಸಿ ನೀರಿಗೆ ದಾಟುವುದಿಲ್ಲ. ಕೂಲೆಂಟು ಅರ್ಧ, ಶುದ್ಧ ನೀರು ಅರ್ಧ ಬೆರೆಸಿದರೆ ತುಕ್ಕೂ ತಪ್ಪುತ್ತದೆ, ಕುದಿಯುವ ಮಟ್ಟವೂ ಆರೇಳು ಡಿಗ್ರಿ ಮೇಲೆ ಹೋಗುತ್ತದೆ. ಹಸಿರು, ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೆ ಯಾವ ಕಾನೂನೂ ಇಲ್ಲ. ಹಳೇ ಕೂಲೆಂಟನ್ನು ರಸ್ತೆ ಬದಿಗೆ ಸುರಿಯಲೂ ಬೇಡಿ. ಅದು ರುಚಿಗೆ ಸಿಹಿ, ಒಳಗೆ ವಿಷ. ದನ, ನಾಯಿ ನೆಕ್ಕಿದರೆ ಪಾಪ ನಿಮಗೆ.

ಬಾನೆಟ್ ಎತ್ತುವ ಪಂಡಿತರು

ನೀರಿನ ಬಿಸಿ ಒಂದಾದರೆ ಬಾನೆಟ್ಟಿನ ಕೆಳಗಿನ ಗಾಳಿಯ ಬಿಸಿ ಇನ್ನೊಂದು. ಏರಿನಲ್ಲಿ ದುಡಿಯುವಾಗ ಹೊಗೆ ಹೊರಬರುವ ಮ್ಯಾನಿಫೋಲ್ಡು, ಟರ್ಬೋ ಇದ್ದರೆ ಅದೂ, ಹಲವು ನೂರು ಡಿಗ್ರಿ ಕಾಯುತ್ತವೆ. ಅದರ ಪಕ್ಕದಲ್ಲೇ ವೈರು, ಡೀಸೆಲ್ ಪೈಪು, ಬ್ಯಾಟರಿ, ಬ್ರೇಕ್ ಆಯಿಲ್ ಡಬ್ಬಿ ಎಲ್ಲ ಒಂದೇ ಕೋಣೆಯ ಬಾಡಿಗೆದಾರರ ಹಾಗೆ ಕೂತಿರುತ್ತವೆ. ವೈರಿನ ಪ್ಲಾಸ್ಟಿಕ್ ಕಾದು ಕಾದು ಹಪ್ಪಳದ ಹಾಗೆ ಒಡೆಯುತ್ತದೆ. ಬ್ಯಾಟರಿಯ ಆಯುಷ್ಯ ಹತ್ತು ಡಿಗ್ರಿ ಹೆಚ್ಚಾದರೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಪೆಟ್ರೋಲ್ ಜೀಪುಗಳ ಕಾಲದಲ್ಲಂತೂ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಡ್ರೈವರುಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೀಡಿ ಸೇದಲು ದೂರ ಹೋಗಿ ಕೂರುತ್ತಿದ್ದರು.

ಈ ಬಿಸಿ ಗಾಳಿಯನ್ನು ಹೊರಗೆ ಹಾಕುವುದು ಹೇಗೆ? ಇಲ್ಲಿ ಜೀಪಿನವರಲ್ಲಿ ಎರಡು ಪಕ್ಷ. ಒಂದು ಪಕ್ಷದವರು ಬಾನೆಟ್ಟಿನ ಹಿಂದಿನ ಕಬ್ಜಾದ ಕೆಳಗೆ ವಾಷರ್ ಕೊಟ್ಟು ಅರ್ಧ ಇಂಚು ಎತ್ತಿಬಿಡುತ್ತಾರೆ. ನಿಧಾನದ ಏರಿನಲ್ಲಿ, ಜೀಪು ನಿಂತಾಗ, ಬಿಸಿ ಗಾಳಿ ತಾನಾಗಿ ಮೇಲೆದ್ದು ಆ ಸಂದಿಯಿಂದ ಹೋಗುತ್ತದೆ, ಸರಿ. ಆದರೆ ವೇಗವಾಗಿ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒತ್ತಿ ನಿಂತಿರುತ್ತದೆ. ಆ ಸಂದಿಯಿಂದ ಗಾಳಿ ಹೊರಗೆ ಹೋಗುವ ಬದಲು ಒಳಗೆ ನುಗ್ಗಿ, ಎದುರಿನಿಂದ ಬರುವ ಗಾಳಿಗೆ ಅಡ್ಡ ನಿಲ್ಲುತ್ತದೆ. ಕೊಲ್ಲೂರು ಹೆದ್ದಾರಿಯಲ್ಲಿ ಹೀಟ್, ಕಾಡಿನಲ್ಲಿ ತಂಪು! ಇನ್ನೊಂದು ಪಕ್ಷದವರು ಬಾನೆಟ್ಟಿನ ಮೇಲೆ, ರೇಡಿಯೇಟರಿನ ಸ್ವಲ್ಪ ಹಿಂದಕ್ಕೆ, ಹಿಮ್ಮುಖವಾಗಿ ಬಾಯಿ ತೆರೆದ ಸೀಳುಗಳನ್ನು ಮಾಡಿಸುತ್ತಾರೆ. ಇದು ನಿಂತರೂ ಓಡಿದರೂ ಬಿಸಿಯನ್ನು ಹೊರಗೆ ಎಳೆಯುತ್ತದೆ. ನಮ್ಮ ಮತ ಇವರಿಗೇ. ಆದರೆ ಮಲೆನಾಡಿನ ಮಳೆ ಆ ಸೀಳಿನಿಂದ ನೇರ ವೈರಿನ ಮೇಲೆ ಸುರಿಯದ ಹಾಗೆ ಒಳಗೊಂದು ತಗಡಿನ ತಟ್ಟೆ ಬೇಕು. ತಟ್ಟೆ ಹಾಕದೆ ಸೀಳು ಮಾತ್ರ ಮಾಡಿಸಿದವರು ಆಷಾಢದಲ್ಲಿ ಗಾಡಿ ತಳ್ಳುತ್ತಾರೆ.

ಸೈಲೆನ್ಸರ್ ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತುವ ಫ್ಯಾಷನ್ನೂ ಈಗ ಬಂದಿದೆ. ಬಯಲು ಸೀಮೆಗೆ ಅಡ್ಡಿಯಿಲ್ಲ. ನಮ್ಮ ಕಡೆ ಮಳೆನೀರು ಕುಡಿದು ಒಳಗೇ ಪೈಪನ್ನು ತುಕ್ಕು ತಿನ್ನಿಸುತ್ತದೆ. ಆಯಿಲ್ಲು ಸೋರಿ ಪಟ್ಟಿ ಹೀರಿಕೊಂಡರೆ ಬೆಂಕಿಗೆ ಬತ್ತಿ ಕೊಟ್ಟ ಹಾಗೆ. ಅದರ ಬದಲು ಮ್ಯಾನಿಫೋಲ್ಡಿಗೂ ವೈರಿಗೂ ನಡುವೆ, ಎರಡಕ್ಕೂ ತಾಗದ ಹಾಗೆ, ಒಂದು ತಗಡಿನ ಅಡ್ಡಗೋಡೆ ನಿಲ್ಲಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ.

ಬೆಂಕಿಯ ಮಾತು ಬಂತು, ಸ್ವಲ್ಪ ನಿಲ್ಲೋಣ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಘಟ್ಟದ ಹುಲ್ಲುಗಾವಲು ಒಣಗಿ ಗರಿಗರಿಯಾಗಿರುತ್ತದೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಜೀಪು ನಿಲ್ಲಿಸಿದರೆ ಒಣಹುಲ್ಲು ಕಾದ ಸೈಲೆನ್ಸರಿಗೆ ತಾಗುತ್ತದೆ. ದಾರಿಯಲ್ಲಿ ಕಿತ್ತುಕೊಂಡು ಬಂದ ಎಲೆ, ಕಡ್ಡಿ ತಳದ ಅಡ್ಡಪಟ್ಟಿಯಲ್ಲಿ ಸಿಕ್ಕಿಕೊಂಡು ಹುರಿಯುತ್ತಿರುತ್ತದೆ. ಡೀಸೆಲ್ ವಾಪಸ್ ಹೋಗುವ ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟು ಮ್ಯಾನಿಫೋಲ್ಡಿನ ಮೇಲೆ ಹನಿದರೆ ಬೇರೆ ಕಿಡಿ ಬೇಕಾಗಿಲ್ಲ. ಮೇಲೆ ಜನ ಸೂರ್ಯಾಸ್ತ ನೋಡುತ್ತಿರುತ್ತಾರೆ. ಕೆಳಗೆ ಅಭಯಾರಣ್ಯ ಇದೆ. ಪ್ರತಿ ಟ್ರಿಪ್ಪಿನ ನಡುವೆ ಬಗ್ಗಿ ಗಾಡಿಯ ತಳ ನೋಡುವುದಕ್ಕೆ ಒಂದು ನಿಮಿಷ. ಬೆಂಕಿ ನಂದಿಸುವ ಸಿಲಿಂಡರ್ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟರೆ ಪ್ರಯೋಜನ ಇಲ್ಲ, ಕೈಗೆ ಸಿಗಬೇಕು.

ಮುಳ್ಳು ಸುಳ್ಳು ಹೇಳುವ ಸಮಯ

ಏರಿನಲ್ಲಿ ಜೀಪನ್ನು ಕಾಯಿಸುವುದೂ ಕಾಪಾಡುವುದೂ ಅರ್ಧಕ್ಕರ್ಧ ಡ್ರೈವರನ ಕೈಯಲ್ಲಿದೆ. ಹೊಸಬರು ಡೀಸೆಲ್ ಉಳಿಸಲು ಹೋಗಿ ದೊಡ್ಡ ಗೇರಿನಲ್ಲಿ ಉಸಿರು ಕಟ್ಟಿಸಿ ಎಳೆಸುತ್ತಾರೆ. ಇಂಜಿನ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ, ನೀರಿನ ಪಂಪೂ ನಿಧಾನ. ಭಾರ ಮಾತ್ರ ಪೂರ್ತಿ. ಪಳಗಿದವರು ಮೊದಲೇ ಫೋರ್ ವೀಲ್ ಹಾಕಿ, ಲೋ ಗೇರಿಗೆ ಇಳಿಸಿ, ಇಂಜಿನ್ ಹಗುರವಾಗಿ ಹಾಡುವ ಹಾಗೆ ಇಟ್ಟುಕೊಳ್ಳುತ್ತಾರೆ. ಶಬ್ದ ಹೆಚ್ಚು, ಬಿಸಿ ಕಡಿಮೆ. ‘ಏನ್ರೀ ಡ್ರೈವರಣ್ಣ, ಇಷ್ಟು ನಿಧಾನ?’ ಅಂತ ಹಿಂದಿನಿಂದ ಕೂಗುವವರಿಗೆ ಇದು ತಿಳಿದಿರಲಿ.

ಮೇಲೆ ತಲುಪಿದ ಕೂಡಲೇ ಇಂಜಿನ್ ಆಫ್ ಮಾಡಿದರೆ? ನೀರಿನ ಓಡಾಟ ನಿಂತಿತು, ಫ್ಯಾನ್ ನಿಂತಿತು. ಕಬ್ಬಿಣದಲ್ಲಿ ಉಳಿದ ಬಿಸಿ ಎಲ್ಲ ನಿಂತ ನೀರಿಗೆ ಇಳಿಯುತ್ತದೆ. ಓಡುವಾಗ ಕುದಿಯದ ಜೀಪು ನಿಂತ ಎರಡು ನಿಮಿಷಕ್ಕೆ ಬುಸ್ ಎನ್ನುವುದು ಹೀಗೆ. ಟರ್ಬೋ ಇರುವ ಈಗಿನ ಗಾಡಿಗಳಲ್ಲಿ ಕಾದ ಬೇರಿಂಗಿಗೆ ಆಯಿಲ್ ಹೋಗುವುದೂ ನಿಂತು ಒಳಗೇ ಸೀದುಹೋಗುತ್ತದೆ. ಅದಕ್ಕೇ ಜನ ಇಳಿದ ಮೇಲೂ ಡ್ರೈವರ್ ಎರಡು ಮೂರು ನಿಮಿಷ ಇಂಜಿನ್ನನ್ನು ಸುಮ್ಮನೆ ಓಡಲು ಬಿಡುವುದು. ಡೀಸೆಲ್ ವೇಸ್ಟ್ ಮಾಡ್ತಾನೆ ಅಂತ ಗೊಣಗುವ ಮಾಲೀಕರು ಮುಂದೆ ಹೆಡ್ಡಿನ ಬಿಲ್ಲು ಕಟ್ಟುತ್ತಾರೆ.

ಇನ್ನೊಂದು ಅಪಾಯ ಬಹಳ ಮಂದಿಗೆ ಗೊತ್ತಿಲ್ಲ. ಬಿಸಿ ತೋರಿಸುವ ಮುಳ್ಳು ಏರಿ ಏರಿ ಕೆಂಪಿಗೆ ಹೋದದ್ದು ಇದ್ದಕ್ಕಿದ್ದಂತೆ ಇಳಿದರೆ ಅಬ್ಬಾ ತಣ್ಣಗಾಯ್ತು ಅಂತ ಸಂತೋಷಪಡುತ್ತಾರೆ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಪೂರ್ತಿ ಖಾಲಿಯಾದರೆ ಅದು ಬರೀ ಗಾಳಿಯಲ್ಲಿ ಕೂತು ಸುಳ್ಳು ಸುದ್ದಿ ಕೊಡುತ್ತದೆ. ಮುಳ್ಳು ಹಠಾತ್ತನೆ ಬಿದ್ದರೆ ಆ ಕ್ಷಣವೇ ನಿಲ್ಲಿಸಬೇಕು, ಇನ್ನೊಂದು ತಿರುವು ಹೋಗಿ ನಿಲ್ಲಿಸುತ್ತೇನೆ ಅನ್ನಬಾರದು.

ನಿಲ್ಲಿಸಿದ ಮೇಲೆ ಖಾಲಿ ಇಂಜಿನ್ನಿಗೆ ಹಳ್ಳದ ತಣ್ಣೀರು ದಬದಬ ಹೊಯ್ಯುವುದು ಎರಡನೇ ಕೊಲೆ. ಕಾದ ಹೆಂಚಿಗೆ ನೀರು ಎರಚಿದ ಹಾಗೆ ಹೆಡ್ಡು ಬಿರುಕು ಬಿಡುತ್ತದೆ. ಅರ್ಧ ಗಂಟೆಯಾದರೂ ಆರಲು ಬಿಟ್ಟು, ಆಮೇಲೆ ಇಂಜಿನ್ ಚಾಲು ಮಾಡಿ ಸ್ವಲ್ಪ ಸ್ವಲ್ಪವಾಗಿ ಹೊಯ್ಯಬೇಕು. ಅರ್ಧ ಗಂಟೆ ಅಂದರೆ ಪ್ರಯಾಣಿಕರ ಮುಖ ಗಂಟು. ವಾಪಸ್ ಬಸ್ಸು ತಪ್ಪುತ್ತದೆ, ರೈಲು ತಪ್ಪುತ್ತದೆ, ದುಡ್ಡು ವಾಪಸ್ ಕೊಡು ಅಂತ ಜಗಳ. ಆ ಜಗಳಕ್ಕೆ ಹೆದರಿಯೇ ಎಷ್ಟೋ ಡ್ರೈವರುಗಳು ಬಿಸಿ ಇಂಜಿನ್ನಿಗೆ ತಣ್ಣೀರು ಹೊಯ್ದು ಹೊರಡುವುದು.

ಹೊರಟದ್ದರ ಫಲ ಮಾರನೇ ವಾರ ಗೊತ್ತಾಗುತ್ತದೆ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲು ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತದೆ. ಬಿಳಿ ಹೊಗೆ ಬರುತ್ತದೆ. ಆಯಿಲ್ ಕಡ್ಡಿ ಎಳೆದರೆ ಕಾಫಿಗೆ ಹಾಲು ಹೆಚ್ಚಾದ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಯಿತು ಎಂದು ಅರ್ಥ. ಹೆಡ್ಡು ಬರೀ ಸೊಟ್ಟಗಾಗಿದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸಬಹುದು. ಬಿರುಕು ಬಿಟ್ಟಿದ್ದರೆ ಹೊಸದೇ ಆಗಬೇಕು. ಜೀಪಿನವರ ದುಡಿಮೆ ಇರುವುದು ಮಳೆ ನಿಂತ ಮೇಲಿನ ಕೆಲವು ತಿಂಗಳು. ಮಳೆಗಾಲದಲ್ಲಿ ದಾರಿಯೇ ಬಂದ್ ಆದರೆ ಬಾಡಿಗೆ ಇಲ್ಲ, ಸಾಲದ ಕಂತಿಗೆ ಮಾತ್ರ ಮಳೆಗಾಲ ಇಲ್ಲ. ಸೀಸನ್ನಿನ ನಡುವೆ ಹದಿನೈದು ದಿನ ಗ್ಯಾರೇಜಿನಲ್ಲಿ ಮಲಗಿದ ಜೀಪು ಒಂದು ಮನೆಯ ವರ್ಷದ ಲೆಕ್ಕವನ್ನೇ ಕೆಡಿಸುತ್ತದೆ. ಮಕ್ಕಳ ಫೀಸು, ಅಂಗಡಿಯ ಬಾಕಿ, ಎಲ್ಲ ಆ ಒಂದು ಗ್ಯಾಸ್ಕೆಟ್ಟಿನ ಮೇಲೆ ನಿಂತಿರುತ್ತದೆ. ಆ ಅಂಗಡಿ ನಿಮ್ಮದೇ ಇರಬಹುದು.

ಮುಂದಿನ ಸಲ ಜೀಪು ಹತ್ತುವಾಗ ಹೊರಡುವ ಮುಂಚೆ ಒಂದು ಮಾತು ಕೇಳಿ: ‘ನೀರು ನೋಡಿದ್ರಾ ಅಣ್ಣಾ?’ ದಾರಿಯಲ್ಲಿ ಅವನೇ ನಿಲ್ಲಿಸಿ ‘ಐದು ನಿಮಿಷ ಮಾರಾಯ್ರೆ’ ಅಂದರೆ ಇಳಿದು ಕಾಲು ಚಾಚಿಕೊಳ್ಳಿ. ಸೂರ್ಯ ಮುಳುಗಲು ಇನ್ನೂ ಹೊತ್ತಿರುತ್ತದೆ.

ಇಳಿಯುವಾಗ ಮಾತ್ರ ಇಂಜಿನ್ನಿಗೆ ಆರಾಮ. ಲೋ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ, ಡೀಸೆಲ್ ಬಹುತೇಕ ಉರಿಯುವುದೇ ಇಲ್ಲ, ಮುಳ್ಳು ತಾನಾಗಿ ಕೆಳಗೆ ಬರುತ್ತದೆ. ನ್ಯೂಟ್ರಲ್ ಮಾಡಿ ಬರೀ ಬ್ರೇಕಿನ ಮೇಲೆ ಇಳಿಸುವವರ ಗಾಡಿಯಲ್ಲಿ ಬಿಸಿ ಬಾನೆಟ್ಟಿನಿಂದ ಚಕ್ರಕ್ಕೆ ಇಳಿದಿರುತ್ತದೆ. ಆ ಸುಟ್ಟ ವಾಸನೆಯ ಕಥೆಯನ್ನು ಇನ್ನೊಂದು ದಿನ ಬರೆಯೋಣ.